ಅದು ಕುರು ಅಂತ ಯಾರು ಹೇಳಿದ್ದು?

ನಮ್ಮ ಚೇಳೂರು ಸಂತೇಲಿ ಹಲಸಿನ ಹಣ್ಣು ಕೊಳ್ಳೋರು ಮೂಸಿ ನೋಡ್ತಾರೆ, ತಟ್ಟಿ ನೋಡ್ತಾರೆ, ಅನುಮಾನ ಬಂದರೆ ಕೊಯ್ಸಿ ತೊಳೆ ತಿಂದೂ ನೋಡ್ತಾರೆ. ಅದೇ ಊರಿನ ನನ್ನ ಸೋದರಮಾವನ ತೊಡೆಯ ಮೇಲಿದ್ದ ಗಂಟನ್ನು ಮಾತ್ರ ಏಳು ತಿಂಗಳು ಯಾರೂ ಕೊಯ್ದು ನೋಡಲಿಲ್ಲ.

ಮಾವನಿಗೆ ಎಚ್‌ಐವಿ ಇದೆ. ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸಿದವರಲ್ಲ. ಗಂಟು ಒಡೆದು ಹುಣ್ಣಾದಾಗ ಮೊದಲ ಡಾಕ್ಟರು ಫೈಲು ನೋಡಿ, ‘ಇಮ್ಯುನಿಟಿ ಕಮ್ಮಿ, ಇನ್ಫೆಕ್ಷನ್ನು’ ಅಂದರು. ಎರಡನೆಯವರು ಫಂಗಸ್ ಅಂದರು. ಮೂರನೆಯವರು ಟಿಬಿ ಇರಬಹುದು ಅಂತ ಅದರ ಮಾತ್ರೆ ಶುರು ಮಾಡಿದರು. ಕೊನೆಗೆ ಬೆಂಗಳೂರಲ್ಲಿ ಬಯಾಪ್ಸಿ ಆಯಿತು. ಲಿಂಫೋಮಾ. ಬಿಳಿ ರಕ್ತಕಣಗಳ ಕ್ಯಾನ್ಸರು, ಚರ್ಮದಲ್ಲಿ ಬೇರು ಬಿಟ್ಟಿತ್ತು.

ಇದೇನು ಹೊಸ ಸಂಗತಿಯಲ್ಲ. ಎಚ್‌ಐವಿ ಇದ್ದವರಿಗೆ ಲಿಂಫೋಮಾ ಅಪಾಯ ಹೆಚ್ಚು ಅನ್ನೋದು 1980ರ ದಶಕದಿಂದಲೂ ಗೊತ್ತು. ಎಆರ್‌ಟಿ ಆ ಅಪಾಯವನ್ನು ತಗ್ಗಿಸುತ್ತೆ, ಪೂರ್ತಿ ಅಳಿಸಲ್ಲ. ಚರ್ಮಕ್ಕೆ ಬಂದರೆ ಕುರು, ಹುಳುಕಡ್ಡಿ, ಮಾಯದ ಹುಣ್ಣು, ಯಾವ ವೇಷವನ್ನಾದರೂ ಹಾಕಬಹುದು. 1806ರಲ್ಲಿ ಫ್ರಾನ್ಸಿನ ಅಲಿಬೆರ್ ವಿವರಿಸಿದ ಚರ್ಮದ ಲಿಂಫೋಮಾಗೆ ಇವತ್ತಿಗೂ ‘ಮೈಕೋಸಿಸ್ ಫಂಗಾಯ್ಡಿಸ್’ ಅಂತಲೇ ಹೆಸರು. ಫಂಗಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ!

‘ಹಾಗಾದ್ರೆ ಪ್ರತಿ ಗುಳ್ಳೆಗೂ ಬಯಾಪ್ಸಿನಾ?’ ಅಂತೀರಿ. ಅಲ್ಲ ಸ್ವಾಮಿ. ಹೆಚ್ಚಿನವು ಇನ್ಫೆಕ್ಷನ್ನೇ, ಒಪ್ಪಿದೆ. ಆದರೆ ಔಷಧಿ ಕೊಟ್ಟೂ ಮಾಯದೆ ಬೆಳೀತಾನೇ ಇರೋ ಗಂಟಿನಿಂದ ಚೂರು ತೆಗೆದು, ಒಂದು ಪಾಲು ಪೆಥಾಲಜಿಗೆ, ಇನ್ನೊಂದು ಕಲ್ಚರಿಗೆ ಕಳಿಸೋಕೆ ಏನು ಕಷ್ಟ? ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಕೆಲವೇ ನಿಮಿಷದ ಕೆಲಸ. ‘ಇವರ ರಕ್ತ ಮುಟ್ಟಬೇಕಲ್ಲ’ ಅನ್ನೋ ಅಳುಕು ಇದರ ಹಿಂದೆ ಇಲ್ಲವೇ ಇಲ್ಲ ಅಂತ ಎದೆ ಮುಟ್ಟಿಕೊಂಡು ಹೇಳಿ ನೋಡೋಣ. 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಚಿಕಿತ್ಸೆ ನಿರಾಕರಿಸಕೂಡದು ಅನ್ನುತ್ತೆ. ತಿಂಗಳುಗಟ್ಟಲೆ ಮುಲಾಮು ಬರೆದುಕೊಟ್ಟು ಸಾಗಹಾಕೋದೂ ನಿರಾಕರಣೆಯೇ.

ನಾನೇನು ಸಾಚಾ ಅಲ್ಲ. ಮಾವ ವಾಟ್ಸಾಪಲ್ಲಿ ಫೋಟೋ ಕಳಿಸಿದಾಗ ಆಫೀಸಲ್ಲಿ ಕೂತೇ ಮುಲಾಮು ಆರ್ಡರ್ ಮಾಡಿ ಊರಿಗೆ ಕಳಿಸಿದವನು ನಾನೇ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಇಂಥ ಗಂಟನ್ನು ಸ್ವಲ್ಪ ದಿನ ತಣ್ಣಗಿಟ್ಟು ನಮ್ಮನ್ನು ಮೋಸಗೊಳಿಸಬಲ್ಲದು. ‘ಇಳೀತಾ ಇದೆ ಕಣೋ’ ಅಂದಿದ್ದರು ಮಾವ. ನಾನು ನಂಬಿದೆ.

ಈಗ ಎಆರ್‌ಟಿ ಜೊತೆಗೇ ಕಿಮೋ ನಡೀತಿದೆ. ಎಚ್‌ಐವಿ ಇದ್ದರೂ ಕಿಮೋ ಕೊಡಬಹುದು. ಹೋದ ಏಳು ತಿಂಗಳನ್ನು ಯಾರೂ ವಾಪಸ್ ಕೊಡೋಕಾಗಲ್ಲ.

ನಿಮ್ಮವರ ಜೊತೆ ಆಸ್ಪತ್ರೆಗೆ ಹೋದಾಗ ಮರ್ಯಾದೆಯಿಂದಲೇ, ಆದರೆ ಜಗ್ಗದೆ ಒಂದು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ಇದು ಇನ್ಫೆಕ್ಷನ್ನೇ ಅಂತ ಹೇಗೆ ಗೊತ್ತಾಯ್ತು?’