ಡಿಶ್‌ವಾಷರ್‌ಗೆ ಆರ್‌ಓ ನೀರು ಯಾಕ್ರೋ? (ಸಿಂಕ್ ಕೆಳಗಿನ ಕಥೆ, ಭಾಗ 3)

ಫೋಟೋದಲ್ಲಿರೋ ಸ್ಟೀಲ್ ಲೋಟ ನೋಡಿ. ವಿಭೂತಿ ಬಳಿದಂಗಿದೆ ಅಲ್ವಾ? ಇದು ತೊಳೆದ ಲೋಟ! ಮಷೀನ್ ಬಂದ ಮೂರನೇ ವಾರಕ್ಕೇ ನಮ್ಮನೆ ಪಾತ್ರೆಯೆಲ್ಲ ಹೀಗಾಯ್ತು. ಅಜ್ಜಿ "ಕೈಯಲ್ಲಿ ತಿಕ್ಕೋದೇ ವಾಸಿ" ಅಂದ್ರು. ತಿಕ್ಕೋ ಕೈ ಯಾರದ್ದು? ಅಮ್ಮಂದು. ಮಣಿಕಟ್ಟು ನೋವು ಅಂತಲೇ ಮಷೀನ್ ತಂದಿದ್ದು. ಎಂಟು ತಿಂಗಳು ಅದರ ಮೇಲೆ ಹಿಟ್ಟಿನ ಡಬ್ಬ ಕೂತಿತ್ತು, ಅಮ್ಮ ಮತ್ತೆ ಸಿಂಕ್ ಮುಂದೆ ನಿಂತಿದ್ರು.

ನೋಡೋಕೆ ಬಂದ ಟೆಕ್ನಿಶಿಯನ್ ಜೇಬಿಂದ ಟಿಡಿಎಸ್ ಪೆನ್ ತೆಗೆದು ನೀರಿಗೆ ಅದ್ದಿದ್ರು. "ಬೋರ್ ನೀರು ಮೇಡಂ, ಆರ್‌ಓ ಲೈನಿಗೆ ಕನೆಕ್ಟ್ ಮಾಡ್ಸಿ" ಅಂತ ಹೇಳಿ ಹೊರಟೇಬಿಟ್ರು. ನನ್ನ ಜಗಳ ಇರೋದು ಈ ಒಂದು ವಾಕ್ಯದ ಜೊತೆ.

ಮೊದಲಿಗೆ, ಮನೆಯ ಸಾಮಾನ್ಯ ಆರ್‌ಓ ಒಂದು ಲೀಟರ್ ಶುದ್ಧ ನೀರು ಕೊಡೋಕೆ ಎರಡು-ಮೂರು ಲೀಟರ್ ಹೊರಗೆ ಬಿಡುತ್ತೆ. ಮಷೀನ್ ಒಂದು ಸಲ ತೊಳೆಯೋಕೆ ಸುಮಾರು 10 ಲೀಟರ್ ಬೇಕು. ಅಂದ್ರೆ ಎಂಜಲು ತಟ್ಟೆಗೋಸ್ಕರ ಇನ್ನೂ 20-30 ಲೀಟರ್ ಮೋರಿಗೆ. 2024ರ ಮಾರ್ಚಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ ಊರು ಇದು. ಅಷ್ಟು ಬೇಗ ಮರೆತ್ವಾ?

ಸರಿ, ನೀರು ಚೆಲ್ಲಿದ್ರೂ ಪರವಾಗಿಲ್ಲ ಅನ್ನೋರಿಗೆ: ಅದು ಕೆಲಸವನ್ನೂ ಮಾಡಲ್ಲ. ನಮ್ಮ ಮಷೀನಿನ ಪುಸ್ತಕ ಕನಿಷ್ಠ 0.5 ಬಾರ್ ಒತ್ತಡ ಕೇಳುತ್ತೆ, ಅಂದ್ರೆ ಟ್ಯಾಂಕ್ ಸುಮಾರು 5 ಮೀಟರ್ ಮೇಲಿರಬೇಕು. ಅಡುಗೆಕಟ್ಟೆ ಮೇಲೆ ಗೋಡೆಗೆ ನೇತುಹಾಕಿರೋ ಏಳೆಂಟು ಲೀಟರಿನ ಡಬ್ಬದಿಂದ ಆ ಒತ್ತಡ ಬರುತ್ತಾ? ಸಾಲದ್ದಕ್ಕೆ, ತೀರಾ ಮೆದು ನೀರು ಗಾಜನ್ನೇ ಸವೆಸುತ್ತೆ. ಮಬ್ಬಾದ ಗಾಜಿನ ಲೋಟಕ್ಕೆ ನಿಂಬೆರಸ ಹಚ್ಚಿ ನೋಡಿ. ಬಿಳಿ ಹೋದ್ರೆ ಅದು ಸುಣ್ಣದ ಅಂಶ. ಹೋಗಲಿಲ್ವಾ, ಗಾಜು ಸವೆದಿದೆ, ಇನ್ನು ಸರಿಹೋಗಲ್ಲ.

ಸಿಟ್ಟು ಬರೋದು ಎಲ್ಲಿ ಗೊತ್ತಾ? ಗಡಸು ನೀರಿಗೆ ಪರಿಹಾರ ನಮ್ಮ ಮಷೀನಿನ ಹೊಟ್ಟೆಯೊಳಗೇ ಇತ್ತು. ತಳದಲ್ಲೊಂದು ಸಾಫ್ಟನರ್. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟು ಸೋಡಿಯಂ ಬಿಡ್ತವೆ. ಉಪ್ಪುನೀರು ಆ ಮಣಿಗಳನ್ನ ತೊಳೆದು ಮತ್ತೆ ತಯಾರು ಮಾಡುತ್ತೆ. ನೀರು ಎಷ್ಟು ಗಡಸು ಅನ್ನೋ ನಂಬರನ್ನ ಮಾತ್ರ ನಾವು ಹೇಳಬೇಕು. ಆ ನಂಬರನ್ನ ಯಾರೂ ಕೇಳಲೇ ಇಲ್ಲ! ಟಿಡಿಎಸ್ ಪೆನ್ನಿಗೂ ಅದು ಗೊತ್ತಾಗಲ್ಲ. ಕರಗಿರೋದೆಲ್ಲ ಸೇರಿ ಎಷ್ಟಿದೆ ಅಂತ ಅದು ಅಂದಾಜು ಹೇಳುತ್ತೆ, ಗಡಸುತನ ಎಷ್ಟು ಅಂತಲ್ಲ.

ನಮ್ಮ ಕ್ಲಾಸಿನವರಿಗಂತೂ ನೆಪ ಹೇಳೋಕೆ ಬಾಯಿಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ಇಡಿಟಿಎ ಟೈಟ್ರೇಶನ್ ಮಾಡಿಲ್ವಾ? ವೈನ್ ರೆಡ್ ಹೋಗಿ ನೀಲಿ ಬರೋದು? ರೆಕಾರ್ಡ್ ಬುಕ್ಕಿಗೆ ಪಕ್ಕದವರ ರೀಡಿಂಗ್ ಇಳಿಸಿದ್ವಲ್ಲ, ಅದೇ. ನಮ್ಮನೆ ನೀರನ್ನ ಬಾಟಲಿಯಲ್ಲಿ ತಗೊಂಡು ಹೋಗಿ ಮಾಡಿದೆ: 420 ಪಿಪಿಎಂ. 17.8ರಿಂದ ಭಾಗಿಸಿದ್ರೆ ಮಷೀನ್ ಕೇಳೋ ಜರ್ಮನ್ ಡಿಗ್ರಿ, ಸುಮಾರು 24. ಸೆಟಿಂಗ್ ಎಷ್ಟಿತ್ತು? ಫ್ಯಾಕ್ಟರಿಯಿಂದ ಬಂದ ಹಾಗೇ ಇತ್ತು. ಉಪ್ಪಿನ ಡಬ್ಬಿ ಖಾಲಿ. (ಅಡುಗೆ ಪುಡಿಉಪ್ಪು ಸುರೀಬೇಡಿ, ಗಟ್ಟಿಕಟ್ಟುತ್ತೆ. ಡಿಶ್‌ವಾಷರ್ ಉಪ್ಪು ಅಂತಲೇ ಸಿಗುತ್ತೆ.)

ಹಾಗಾದ್ರೆ ಯಾವ ಲೈನು? ಅಡುಗೆಮನೆಗೆ ಕಾವೇರಿ ನೀರು ಬೇರೆಯಾಗಿ ಬರ್ತಿದ್ರೆ ಅದು. ಬೋರ್ ಮಾತ್ರ ಇದ್ರೆ ಬೋರೇ ಸಾಕು, ನಂಬರ್ ಸರಿಯಾಗಿ ಹಾಕಿ. ನಮ್ಮ ಮಾಡೆಲ್ 50 ಡಿಗ್ರಿವರೆಗೆ ತಡೆಯುತ್ತೆ. ಎರಡರಲ್ಲಿ ಯಾವುದಾದ್ರೂ ತಣ್ಣೀರಿನ ಲೈನೇ ಇರಲಿ, ಆರ್‌ಓಗಿಂತ ಮುಂಚೆಯೇ ಟೀ ಹಾಕಿ ತಗೊಳ್ಳಿ. ಸೋಲಾರ್ ಲೈನಿಗೆ ಕೊಟ್ಟು ಕರೆಂಟ್ ಉಳಿಸ್ತೀನಿ ಅನ್ನೋ ಜಾಣರು ಮೊದಲು ಪುಸ್ತಕ ತೆಗೆದು ನೋಡಿ, ಎಷ್ಟೋ ಮಷೀನುಗಳಿಗೆ 60 ಡಿಗ್ರಿಯೇ ಮಿತಿ. ಅಪಾರ್ಟ್‌ಮೆಂಟಲ್ಲಿ ಬೇಸಿಗೆ ಬಂದು ಟ್ಯಾಂಕರ್ ಶುರುವಾದ್ರೆ ನೀರು ಮತ್ತೆ ಅಳೀರಿ.

ನಂಬರ್ ಬದಲಾಯಿಸೋಕೆ ನಂಗೆ ಹಿಡಿದಿದ್ದು ಎರಡು ನಿಮಿಷ. ಹಿಟ್ಟಿನ ಡಬ್ಬ ಈಗ ಅಟ್ಟದ ಮೇಲಿದೆ. ನಿಮ್ಮನೇದು ಯಾವ ಪೈಪಿಗೆ ಸೇರಿದೆ? ಸಿಂಕ್ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಕಾಮೆಂಟಲ್ಲಿ ಬರೀರಿ. ಭಾಗ 4ರಲ್ಲಿ ಡ್ರೈನ್ ಪೈಪ್.

#ಸಿಂಕ್‌ಕೆಳಗಿನಕಥೆ #ಗಡಸುನೀರು #ಬೆಂಗಳೂರು