ಸ್ಮಶಾನದ ಗೋಡೆ ಚರ್ಚೇ ಕೆಡವಲಿ



ಸಂಘಟಿತ ಕ್ರೈಸ್ತ ಧರ್ಮದಿಂದ ಸಮಾಜಕ್ಕೆ ಕೆಡುಕೇ ಹೆಚ್ಚು ಎಂಬ ಮಾತನ್ನು ನಾನು ಒಪ್ಪಲಾರೆ. ಮಂಗಳೂರಿನ ನಮ್ಮ ಹಳೇ ಮನೆಯ ಹೆಂಚು ತಿರುವಿದರೆ ಇಂದಿಗೂ ಬಾಸೆಲ್ ಮಿಷನ್ನಿನ ಅಚ್ಚು ಕಾಣುತ್ತದೆ. 1834ರಲ್ಲಿ ಇಲ್ಲಿಗೆ ಬಂದ ಆ ಮಿಷನ್, ಮತಾಂತರಗೊಂಡು ಮನೆಮಠ ಕಳೆದುಕೊಂಡವರಿಗೆ ಮಗ್ಗದ, ಹೆಂಚಿನ ಕಾರ್ಖಾನೆಗಳಲ್ಲಿ ದುಡಿಮೆ ಕೊಟ್ಟಿತು. 1843ರಲ್ಲಿ ಅದೇ ಮಿಷನ್ನಿನ ಪಾದ್ರಿ ಮೊಗ್ಲಿಂಗ್ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರತಂದರು. ಅದೇ ಮಿಷನ್ನಿನ ಕಿಟೆಲ್ ರಚಿಸಿದ 1894ರ ಕನ್ನಡ ನಿಘಂಟಿನ ಮರುಮುದ್ರಣ ಈಗಲೂ ನನ್ನ ಮೇಜಿನ ಮೇಲಿದೆ, ಪುಟಗಳ ಅಂಚು ಸವೆದಿದೆ.

ಆದರೆ ತಮಿಳುನಾಡಿನ ತಿರುಚ್ಚಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆ ಎಬ್ಬಿಸಿದವರೂ ಕ್ರೈಸ್ತರೇ. ಸತ್ತ ಮೇಲೂ ಜಾತಿಯೇ? ಇದನ್ನು ನೆನೆದರೆ ಕ್ರೈಸ್ತನಾದ ನನ್ನ ಕರುಳು ಹಿಂಡುತ್ತದೆ. ಅಂಥ ಗೋಡೆಗಳು ಎಲ್ಲೇ ಇರಲಿ, ಕೋರ್ಟಿನ ಆದೇಶಕ್ಕೆ ಕಾಯದೆ ಬಿಷಪರೇ ಮುಂದೆ ನಿಂತು ಕೆಡವಿಸಲಿ.

– ಒಬ್ಬ ಓದುಗ, ಮಂಗಳೂರು