ಕೂಸಿನ ಪೆಟ್ಟಿಗೆಗೆ ಮುಚ್ಚಳ ಬೇಕೇ?

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಳೆಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಎರಡು ಮಾತು ತಪ್ಪದೆ ಏಳುತ್ತವೆ. ತೊಟ್ಟಿಲು ಎಲ್ಲಿಂದ ತರುವುದು? ಕೂಸಿಗೆ ಏನು ಮಾಡಿಸುವುದು? ಅನುಕೂಲವಿದ್ದವರು ಧಾರವಾಡ ಜಿಲ್ಲೆಯ ಕಲಘಟಗಿಗೆ ಹೋಗಿ ಬಣ್ಣದ ತೊಟ್ಟಿಲಿಗೆ ಹೇಳಿ ಬರುತ್ತಾರೆ. ಕುಂಚಿಗೆ, ಕೌದಿ, ಬೆಳ್ಳಿ ಕಡಗ ಇವುಗಳ ಪಟ್ಟಿ ಅಜ್ಜಿಯಂದಿರ ಬಾಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಈಚೆಗೆ ಈ ಪಟ್ಟಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಆಟಿಕೆಗಳನ್ನು ಹಾಕಿಡುವ ಕಟ್ಟಿಗೆಯ ಪೆಟ್ಟಿಗೆ. ಅಂಗಡಿಯದಲ್ಲ, ಮನೆಯವರೇ ಕೈಯಾರೆ ಮಾಡಿದ್ದು.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳ ಗಂಡನ ಮನೆ ವಿಜಯಪುರ ನಗರದಲ್ಲಿ. ತವರು ತಿಕೋಟಾ, ದ್ರಾಕ್ಷಿಯ ತೋಟವುಂಟು. ಬಬಲೇಶ್ವರದಲ್ಲಿದ್ದ ಹಿರಿಯರ ಹಳೇ ಮನೆ ಇಳಿಸಿದಾಗ ಸಿಕ್ಕ ಸಾಗವಾನಿ ತೊಲೆಗಳು, ಒಂದೆರಡು ಬಾಗಿಲುಗಳು ಹಿತ್ತಲಲ್ಲಿ ಬಿದ್ದಿವೆ. ಮುತ್ಯಾನಿಗೆ ಕೈಕೆಲಸದ ಹುಚ್ಚು. ಮೊಮ್ಮಗಳ ಕೂಸಿಗೆ ತಾನೇ ಪೆಟ್ಟಿಗೆ ಮಾಡುವುದಾಗಿ ಹಟ ಹಿಡಿದಿದ್ದಾನೆ. ಇಂಥ ಹಟ ಒಳ್ಳೆಯದೇ. ಆದರೆ ಈ ಪೆಟ್ಟಿಗೆಯೊಳಗೆ ಆಟಿಕೆಗಿಂತ ಮುಂಚೆ ಒಂದಿಷ್ಟು ವಿಜ್ಞಾನ ಹೋಗಿ ಕೂಡಬೇಕಾಗುತ್ತದೆ.

ಮೊದಲು ಕಟ್ಟಿಗೆಯ ಮಾತು. ಮುತ್ಯಾ ಹೊಲದ ಬದುವಿನ ಬೇವಿನ ಮರ ಕಡಿಸಿ ಹಲಗೆ ಸೀಳಿಸಿದರೆ ಯಾವ ಅನುಭವಿ ಬಡಿಗನೂ ಹೇಳುವುದು ಒಂದೇ ಮಾತು: “ಮುತ್ಯಾ, ಕಟಗಿ ಇನ್ನಾ ಹಸೀ ಅದ. ಬ್ಯಾಸಗಿ ಬಂತಂದ್ರ ಬಾಯಿ ಬಿಡತದ.” ಇದರ ಕಾರಣವನ್ನು ತಿಕೋಟಾದವರಿಗೆ ದೂರದಿಂದ ತಂದು ಹೇಳಬೇಕಾಗಿಲ್ಲ. ಅಲ್ಲಿಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕಣ್ಣೆದುರಿಗೇ ಇದೆ. ತಾಜಾ ದ್ರಾಕ್ಷಿಯ ತೂಕದಲ್ಲಿ ಸುಮಾರು ನೂರಕ್ಕೆ 80 ಪಾಲು ನೀರು. ಒಣದ್ರಾಕ್ಷಿಯಲ್ಲಿ ಉಳಿಯುವುದು ಸುಮಾರು 15 ಪಾಲು. ನೀರು ಹೋದಂತೆ ಹಣ್ಣು ಸುಕ್ಕುಗಟ್ಟುತ್ತದೆ. ಕಟ್ಟಿಗೆಯೂ ನೀರು ಬಿಟ್ಟಂತೆ ಕುಗ್ಗುತ್ತದೆ.

ಆದರೆ ಒಂದು ವ್ಯತ್ಯಾಸವಿದೆ, ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ದ್ರಾಕ್ಷಿ ಬೇಗ ಒಣಗಲೆಂದು ಅದರ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ದ್ರಾವಣದಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣದ ತಡೆ ಸಡಿಲಗೊಂಡು ನೀರು ಸರಾಗವಾಗಿ ಹೊರಬರುತ್ತದೆ. ಕಟ್ಟಿಗೆಯ ಲೆಕ್ಕ ಇದಕ್ಕೆ ಉಲ್ಟಾ. ಅದು ನಿಧಾನವಾಗಿ ಒಣಗಬೇಕು. ಹಲಗೆಯ ಎರಡು ತುದಿಗಳಲ್ಲಿ ಮರದ ಸೂಕ್ಷ್ಮ ನಳಿಕೆಗಳು ಬಾಯಿ ತೆರೆದಿರುವುದರಿಂದ ಅಲ್ಲಿ ನೀರು ಹಲವು ಪಟ್ಟು ವೇಗವಾಗಿ ಹೋಗುತ್ತದೆ. ತುದಿ ಕುಗ್ಗಿ, ನಡುಭಾಗ ಕುಗ್ಗದೆ ನಿಂತರೆ ಸೀಳು ಬೀಳುವುದು ಖಂಡಿತ. ಅದಕ್ಕೇ ತಿಳಿದವರು ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದು, ಹಲಗೆಗಳ ನಡುವೆ ಗಾಳಿಯಾಡುವಂತೆ ಸಣ್ಣ ಪಟ್ಟಿಗಳನ್ನಿಟ್ಟು, ನೆರಳಿನಲ್ಲಿ ಪೇರಿಸುತ್ತಾರೆ. ಒಂದು ಅಂಗುಲ ದಪ್ಪದ ಹಲಗೆಗೂ ಇದು ತಿಂಗಳುಗಟ್ಟಲೆಯ ಕೆಲಸ. ಹೆರಿಗೆಯ ದಿನ ಅಷ್ಟು ಕಾಯುವುದಿಲ್ಲವಲ್ಲ!

ಹೀಗಾಗಿ ಬಬಲೇಶ್ವರದ ಹಳೇ ತೊಲೆಯೇ ಮೇಲು. ಅದು ದಶಕಗಟ್ಟಲೆ ಒಣಗಿದೆ. ಆದರೂ ಅದರ ಆಟ ಪೂರ್ತಿ ನಿಂತಿಲ್ಲ. ವಿಜಯಪುರದ ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಕಟ್ಟಿಗೆ ತುಸು ಕುಗ್ಗಿ, ಮಳೆಗಾಲದ ತೇವದಲ್ಲಿ ತುಸು ಹಿಗ್ಗುತ್ತದೆ. ಈ ಹಿಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹೆಚ್ಚು. ವಿಜಯಪುರದ ಅಸರ್ ಮಹಲಿನ ಎತ್ತರದ ತೇಗದ ಕಂಬಗಳು ಸುಮಾರು ಮೂರೂವರೆ ಶತಮಾನಗಳಿಂದ ಚಾವಣಿಯನ್ನು ಹೊತ್ತು ನಿಂತಿವೆ. ಋತು ಬದಲಾದಂತೆಲ್ಲ ಕಂಬದ ಎತ್ತರವೇ ಬದಲಾಗುತ್ತಿದ್ದರೆ ಚಾವಣಿಯ ಗತಿ ಏನಾಗುತ್ತಿತ್ತು? ಅದೇ 30 ಸೆಂಟಿಮೀಟರ್ ಅಗಲದ ಹಲಗೆಯಲ್ಲಿ ತೇವಾಂಶ ನೂರಕ್ಕೆ 5ರಷ್ಟು ಏರಿಳಿದರೆ ಅಗಲದಲ್ಲಿ ಸುಮಾರು 3 ಮಿಲಿಮೀಟರ್ ವ್ಯತ್ಯಾಸ ಬರಬಲ್ಲದು. ಪೆಟ್ಟಿಗೆಯ ತಳದ ಹಲಗೆಯನ್ನು ನಾಲ್ಕೂ ಕಡೆ ಅಂಟು, ಮೊಳೆಗಳಿಂದ ಬಿಗಿದರೆ ಅದು ಹೋಗಲು ಜಾಗವಿಲ್ಲದೆ ಸೀಳುತ್ತದೆ. ಗೋಡೆಗಳ ಒಳಮೈಯಲ್ಲಿ ತೋಡು ಕೊರೆದು, ತಳವನ್ನು ಅದರಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂಡಿಸಿದರೆ ಸಾಕು. ಅದು ತನ್ನ ಪಾಡಿಗೆ ತಾನು ಉಸಿರಾಡಿಕೊಂಡಿರುತ್ತದೆ.

ತೊಲೆಯ ಮಾತಾಯಿತು. ಆ ಹಳೇ ಬಾಗಿಲುಗಳನ್ನು ಮಾತ್ರ ಮುಟ್ಟಬಾರದು. ಹಿಂದಿನ ಎಣ್ಣೆ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೇಸರಿ, ಹಸಿರು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ ಭಾರತದಲ್ಲಿ 2016ರಲ್ಲಿ ಬಂತು, 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೆ ಹಿಂದಿನ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿದರೆ ಏಳುವ ಧೂಳು ಅಂಗಳದಲ್ಲಿ, ಹಾಸಿಗೆಯಲ್ಲಿ, ಕೂಸಿನ ಬೆರಳಲ್ಲಿ ಕೂಡುತ್ತದೆ. ಬೆರಳು ಬಾಯಿಗೆ ಹೋಗುತ್ತದೆ. ಸೀಸ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಇಷ್ಟರವರೆಗೆ ಇದ್ದರೆ ಚಿಂತೆಯಿಲ್ಲ ಎನ್ನುವಂಥ ಸುರಕ್ಷಿತ ಮಟ್ಟವೇ ಅದಕ್ಕಿಲ್ಲ. ಬಸುರಿಯಿರುವ, ಬಾಣಂತಿಯಿರುವ ಮನೆಯಲ್ಲಿ ಈ ಕೆಲಸ ಸರ್ವಥಾ ಕೂಡದು. ತೊಲೆಗೂ ಗೆದ್ದಲಿಗೆಂದು ಡಾಂಬರನ್ನೋ ಕರಿ ಎಣ್ಣೆಯನ್ನೋ ಬಳಿದಿದ್ದರೆ ಹೊರಮೈಯನ್ನು ಅರ್ಧ ಅಂಗುಲ ಸೀಳಿ ತೆಗೆಸಿ, ಒಳಗಿನ ತಿರುಳನ್ನಷ್ಟೇ ಬಳಸುವುದು ಕ್ಷೇಮ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮುತ್ಯಾನ ಕಣ್ಣ ಮುಂದಿರುವ ಮಾದರಿ ಅವನ ಅವ್ವನ ಸಂದೂಕ. ದಪ್ಪ ಹಲಗೆ, ಹಿತ್ತಾಳೆಯ ಬಿಜಾಗರಿ, ಧಪ್ಪೆಂದು ಬೀಳುವ ಮುಚ್ಚಳ. ಒಡವೆ, ಪತ್ತಲ ಇಡಲು ಅದು ಸರಿಯೇ. ಕೂಸಿನ ಪೆಟ್ಟಿಗೆಗೆ ಅದೇ ಮಾದರಿ ಹಿಡಿದರೆ ಅಪಾಯವಿದೆ.

ಪೆಟ್ಟಿಗೆ 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ ಇದೆಯೆನ್ನಿ. 2 ಸೆಂಟಿಮೀಟರ್ ದಪ್ಪದ ಸಾಗವಾನಿ ಮುಚ್ಚಳ ಸುಮಾರು 3 ಕಿಲೋ ತೂಗುತ್ತದೆ. ಅದನ್ನು ಪೂರ್ತಿ ತೆರೆದು ಗೋಡೆಗೆ ತುಸು ವಾಲಿಸಿ ನಿಲ್ಲಿಸಿದ್ದಾರೆ. ಎಂಟು ಹತ್ತು ತಿಂಗಳ ಮಗು ಅಂಬೆಗಾಲಿಡುತ್ತ ಬಂದು, ಪೆಟ್ಟಿಗೆಯ ಅಂಚು ಹಿಡಿದು ಎದ್ದು ನಿಲ್ಲುತ್ತದೆ. ಒಳಗೆ ಬಗ್ಗುತ್ತದೆ. ಇನ್ನೊಂದು ಕೈ ಮುಚ್ಚಳಕ್ಕೆ ಹೋಗುತ್ತದೆ. ಮುಚ್ಚಳ ನೆಟ್ಟಗಿನ ರೇಖೆಯಿಂದ 10 ಡಿಗ್ರಿ ಹಿಂದಕ್ಕೆ ವಾಲಿದ್ದರೆ, ಅದರ ತುದಿಯನ್ನು ಹಿಡಿದು ಮುಂದಕ್ಕೆ ಎಳೆಯಲು ಬೇಕಾಗುವ ಬಲ ಕಾಲು ಕಿಲೋ ತೂಕಕ್ಕಿಂತ ತುಸು ಹೆಚ್ಚು, ಅಷ್ಟೇ. ಆ ವಯಸ್ಸಿನ ಕೂಸು ತಾಯಿಯ ಜಡೆಯನ್ನು ಇದಕ್ಕಿಂತ ಜೋರಾಗಿ ಎಳೆಯುತ್ತದೆ! ಒಮ್ಮೆ ನೆಟ್ಟಗಿನ ರೇಖೆ ದಾಟಿತೋ, ಮುಂದಿನದೆಲ್ಲ ಗುರುತ್ವಾಕರ್ಷಣೆಯ ಕೆಲಸ.

ಆ ಮುಚ್ಚಳ ಎಷ್ಟು ವೇಗವಾಗಿ ಬೀಳುತ್ತದೆ? ಅದರ ತುದಿ 40 ಸೆಂಟಿಮೀಟರ್ ಎತ್ತರದಿಂದ ಬಿದ್ದ ಕಲ್ಲಿನ ವೇಗದಲ್ಲಿ ಬಂದು ಬಡಿಯಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಹಾಗಲ್ಲ. ಅದು 60 ಸೆಂಟಿಮೀಟರ್ ಎತ್ತರದಿಂದ ಬಿದ್ದ ಕಲ್ಲಿನ ವೇಗದಲ್ಲಿ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 3.4 ಮೀಟರ್. ಮುಚ್ಚಳ ಹಗುರವಿರಲಿ, ಭಾರವಿರಲಿ, ಈ ವೇಗ ಬದಲಾಗುವುದಿಲ್ಲ.

ನಂಬುವುದು ಕಷ್ಟವಾದರೆ ಒಂದು ಪ್ರಯೋಗವಿದೆ. ಒಂದು ಅಡಿ ಉದ್ದದ ಕಟ್ಟಿಗೆಯ ಸ್ಕೇಲು, ನಾಲ್ಕೈದು ನಾಣ್ಯಗಳು ಬೇಕು. ಸ್ಕೇಲಿನ ಸೊನ್ನೆಯ ತುದಿಯನ್ನು ಮೇಜಿನ ಮೇಲೆ ದಪ್ಪ ಪುಸ್ತಕವೊಂದಕ್ಕೆ ಒತ್ತಿಟ್ಟು, ಇನ್ನೊಂದು ತುದಿಯನ್ನು ಬೆರಳಿನಿಂದ ನಾಲ್ಕೈದು ಸೆಂಟಿಮೀಟರ್ ಮಾತ್ರ ಎತ್ತಿ ಹಿಡಿಯಬೇಕು. ಸ್ಕೇಲಿನ ಉದ್ದಕ್ಕೂ ನಾಣ್ಯಗಳನ್ನಿಟ್ಟು, ಬೆರಳನ್ನು ತಟ್ಟನೆ ಸರಿಸಬೇಕು. ಸೊನ್ನೆಯಿಂದ ಸುಮಾರು 20 ಸೆಂಟಿಮೀಟರ್‌ವರೆಗಿನ ನಾಣ್ಯಗಳು ಸ್ಕೇಲಿಗೆ ಅಂಟಿಕೊಂಡಂತೆ ಇಳಿಯುತ್ತವೆ. ಅದರಾಚೆಯವು ಗಾಳಿಯಲ್ಲಿ ಹಿಂದುಳಿದು, ಆಮೇಲೆ ಟಣ್ಣೆಂದು ಸ್ಕೇಲಿನ ಮೇಲೆ ಬೀಳುತ್ತವೆ. ಒಂಬತ್ತನೆಯ ತರಗತಿಯ ಹುಡುಗ ಇದನ್ನು ಮಾಡಿ ತೋರಿಸಿ, “ಮುತ್ಯಾ, ನಾಣ್ಯ ಹಿಂದ ಉಳೀತು ನೋಡು” ಎಂದರೆ ಮುತ್ಯಾ ನಕ್ಕರೂ ನಕ್ಕಾನು. ಆದರೆ ನಾಣ್ಯ ತಡವಾಗಿದ್ದಲ್ಲ. ಅದು ಎಲ್ಲ ವಸ್ತುಗಳಂತೆ ಬೀಳಬೇಕಾದ ವೇಗದಲ್ಲೇ ಬಿತ್ತು. ಸ್ಕೇಲಿನ ತುದಿಯೇ ಅದಕ್ಕಿಂತ ಮುಂದೆ ಓಡಿತು.

ಇದು ಹೇಗೆ? ಬಿಜಾಗರಿಗೆ ಕಟ್ಟಿಬಿದ್ದ ಹಲಗೆಯ ಎಲ್ಲ ಭಾಗಗಳೂ ಸ್ವತಂತ್ರವಾಗಿ ಬೀಳುವಂತಿಲ್ಲ. ಬಿಜಾಗರಿಯ ಹತ್ತಿರದ ಭಾಗ ಇಳಿಯಬೇಕಾದ್ದೇ ಕೊಂಚ. ಆದರೆ ಇಡೀ ಹಲಗೆ ಒಂದೇ ಗಟ್ಟಿ ವಸ್ತು. ಆದ್ದರಿಂದ ಒಳಭಾಗ ಕಳೆದುಕೊಳ್ಳಲಾರದ ಅವಸರವನ್ನು ಹೊರತುದಿ ಪಡೆಯುತ್ತದೆ. ಕೊನೆಯ ಗಳಿಗೆಯಲ್ಲಿ, ಮುಚ್ಚಳ ಮಟ್ಟಸವಾಗುವ ಹೊತ್ತಿಗೆ, ತುದಿಯ ಕೆಳಮುಖ ವೇಗೋತ್ಕರ್ಷ ಗುರುತ್ವದ ಒಂದೂವರೆ ಪಟ್ಟು. ಪಿಯುಸಿ ವಿದ್ಯಾರ್ಥಿಗಳು ಹಲಗೆಯ ಜಡತ್ವದ ಮಹತ್ವವನ್ನು, ಅಂದರೆ ದ್ರವ್ಯರಾಶಿ ಗುಣಿಸು ಉದ್ದದ ವರ್ಗದ ಮೂರನೆಯ ಒಂದು ಭಾಗವನ್ನು, ಶಕ್ತಿಯ ಸಮೀಕರಣದಲ್ಲಿಟ್ಟು ಲೆಕ್ಕ ತಾಳೆ ನೋಡಬಹುದು.

ವೇಗಕ್ಕೆ ತೂಕ ಬೇಡವಾದರೂ ಪೆಟ್ಟಿಗೆ ತೂಕ ಬೇಕು. 3 ಕಿಲೋ ಮುಚ್ಚಳ ಬೀಳುವಾಗ ಅದರಲ್ಲಿರುವ ಶಕ್ತಿ ಸುಮಾರು 6 ಜೂಲ್. ಒಂದು ಕಿಲೋ ತೂಕದ ಬಟ್ಟನ್ನು ಎರಡಡಿ ಎತ್ತರದಿಂದ ಬಿಟ್ಟ ಹಾಗೆ. ಅದು ಬೀಳುವುದು ಎಲ್ಲಿ? ಒಳಗೆ ಬಗ್ಗಿದ ಮಗುವಿನ ಕತ್ತಿನ ಮೇಲೆ. ಕೆಳಗೆ ಪೆಟ್ಟಿಗೆಯ ಅಂಚು, ಮೇಲೆ ಮುಚ್ಚಳ. ಮುಚ್ಚಳವನ್ನು ಎತ್ತಿಕೊಳ್ಳುವ ಶಕ್ತಿ ಆ ವಯಸ್ಸಿಗೆ ಇರುವುದಿಲ್ಲ, ಕತ್ತು ಒತ್ತಿದ್ದರಿಂದ ಅಳುವ ಸದ್ದೂ ಬರಲಿಕ್ಕಿಲ್ಲ. ಹೀಗೆ ಮಕ್ಕಳು ಸತ್ತ ಪ್ರಕರಣಗಳು ಅಮೆರಿಕದಲ್ಲಿ ದಾಖಲಾದ ಮೇಲೆಯೇ ಆಟಿಕೆ ಪೆಟ್ಟಿಗೆಯ ಮುಚ್ಚಳಕ್ಕೆ ಅಲ್ಲಿ ನಿಯಮಗಳು ಬಂದವು. ಮುಚ್ಚಳವನ್ನು ಯಾವ ಕೋನದಲ್ಲಿ ಬಿಟ್ಟರೂ ಅದು ಅಲ್ಲೇ ನಿಲ್ಲಬೇಕು, ಸುಮಾರು 12 ಮಿಲಿಮೀಟರಿಗಿಂತ ಹೆಚ್ಚು ಜಾರಬಾರದು ಎಂಬುದು ಅದರ ತಿರುಳು.

ಭಾರತದಲ್ಲಿ 2021ರ ಜನವರಿ 1ರಿಂದ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮನೆಯಲ್ಲಿ ಮಾಡಿ ಉಡುಗೊರೆ ಕೊಡುವವರನ್ನು ಯಾರೂ ತಪಾಸಣೆ ಮಾಡುವುದಿಲ್ಲ, ನಿಜ. ಆದರೆ ಮುಚ್ಚಳಕ್ಕೆ ಅದು ಗೊತ್ತಿರುವುದಿಲ್ಲ.

ಮುಚ್ಚಳ ತಡೆದು ನಿಲ್ಲಿಸುವ ಸ್ಪ್ರಿಂಗಿನ ಬಿಜಾಗರಿಗಳು ಪೇಟೆಯಲ್ಲಿ ಸಿಗುತ್ತವೆ. ಮುಚ್ಚಳದ ತೂಕಕ್ಕೆ ಅವು ಹೊಂದಬೇಕು, ವರ್ಷ ಕಳೆದರೂ ಸಡಿಲಾಗಬಾರದು. ಇಷ್ಟೆಲ್ಲ ನೋಡುವ ಬದಲು ಮುಚ್ಚಳವನ್ನೇ ಬಿಟ್ಟುಬಿಡುವುದು ಸುಲಭದ ದಾರಿ. “ಮುಚ್ಚಳಿಲ್ಲದ್ದು ಪೆಟಗಿ ಹ್ಯಾಂಗಾದೀತು?” ಎಂದು ಮುತ್ಯಾ ಗೊಣಗಬಹುದು. ಧೂಳಿನ ಚಿಂತೆಯಿದ್ದರೆ ಆಯಿ ಹೊಲಿದ ಸಣ್ಣ ಕೌದಿಯ ತುಂಡೊಂದನ್ನು ಮೇಲೆ ಹೊದಿಸಿದರಾಯಿತು. ಅದು ಬಿದ್ದರೆ ಯಾರಿಗೂ ಪೆಟ್ಟಾಗುವುದಿಲ್ಲ.

ಮುಚ್ಚಳ ಬೇಕೇ ಬೇಕೆಂದರೆ ಇನ್ನೊಂದು ಮಾತು ಉಳಿಯುತ್ತದೆ. ಎರಡು ಮೂರು ವರ್ಷದ ಮಕ್ಕಳು ಕಣ್ಣಾಮುಚ್ಚಾಲೆಯಲ್ಲಿ ಪೆಟ್ಟಿಗೆಯೊಳಗೆ ಅಡಗುತ್ತಾರೆ. ಚಿಲಕ, ಕೊಂಡಿ ಇದ್ದರೆ ಒಳಗಿನಿಂದ ತೆರೆಯಲಾಗದು. ಒಳಗಿನ ಅಳತೆ 30 ಲೀಟರು ಮೀರುವ ಪೆಟ್ಟಿಗೆಗೆ ಗಾಳಿಯ ಕಿಂಡಿಗಳಿರಬೇಕೆಂಬುದು ಆಟಿಕೆಗಳ ಮಾನದಂಡಗಳಲ್ಲಿರುವ ಮಾತು: ಕನಿಷ್ಠ ಎರಡು, ಒಂದಕ್ಕೊಂದು ಗೇಣುದ್ದ ದೂರ, ಒಂದೊಂದೂ 3 ಸೆಂಟಿಮೀಟರ್ ಅಡ್ಡಳತೆಯದ್ದು ಇದ್ದರೆ ಸಾಕು. ಹಿಂದಿನ ಹಲಗೆಗೆ ಕೊರೆದರೆ ಗೋಡೆ ಮುಚ್ಚಿಬಿಡುತ್ತದೆ. ಎರಡು ಪಕ್ಕಗಳಲ್ಲಿ ಕೊರೆಯಬೇಕು. ಚೆಂದಕ್ಕೆಂದು ಕಿರುಬೆರಳ ಗಾತ್ರದ ತೂತುಗಳ ಸಾಲು ಕೊರೆಯುವವರಿದ್ದಾರೆ. 5ರಿಂದ 12 ಮಿಲಿಮೀಟರಿನ ತೂತು ಕೂಸಿನ ಬೆರಳು ಸಿಕ್ಕಿಕೊಳ್ಳುವ ಅಳತೆ. ಬಿಜಾಗರಿಯ ಸಂದಿಗೂ ಇದೇ ಲೆಕ್ಕ, ಒಂದೋ 5ಕ್ಕಿಂತ ಕಡಿಮೆ, ಇಲ್ಲವೇ 12ಕ್ಕಿಂತ ಹೆಚ್ಚು. ಪೆಟ್ಟಿಗೆಯನ್ನೇ ಚಿಕ್ಕದಾಗಿ, 40 ಸೆಂಟಿಮೀಟರ್ ಉದ್ದ, 28 ಅಗಲ, 25 ಎತ್ತರಕ್ಕೆ ಮಾಡಿದರೆ 28 ಲೀಟರಿನಲ್ಲಿ ಮುಗಿಯುತ್ತದೆ. ಅಡಗುವ ಆಸೆಯೂ ಹುಟ್ಟುವುದಿಲ್ಲ.

ಕೊನೆಗೆ ಮೆರುಗು. ಚನ್ನಪಟ್ಟಣದವರು ಆಲೆಮರದ ಗೊಂಬೆಯನ್ನು ತಿರುಗಣಿಗೆ ಹಾಕಿ, ಘರ್ಷಣೆಯ ಶಾಖಕ್ಕೆ ಅರಗನ್ನು ಕರಗಿಸಿ ಹಚ್ಚುತ್ತಾರೆ. ಚೌಕ ಪೆಟ್ಟಿಗೆಯನ್ನು ಹಾಗೆ ತಿರುಗಿಸಲು ಬಾರದು. ಆದರೆ ವಿಜಯಪುರ ಸೀಮೆಯ ಹೊಲದಲ್ಲೇ ಅದಕ್ಕೆ ಉತ್ತರ ಬೆಳೆಯುತ್ತದೆ: ಅಗಸಿ, ಕುಸುಬಿ. ಈ ಎಣ್ಣೆಗಳು ಒಣಗುವುದೆಂದರೆ ನೀರಿನಂತೆ ಆವಿಯಾಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಅಗಸಿ ಇದರಲ್ಲಿ ಮುಂದು, ಕುಸುಬಿ ತುಸು ಹಿಂದು. ಶೇಂಗಾ ಎಣ್ಣೆ ಎಷ್ಟು ದಿನವಾದರೂ ಹಾಗೆ ಗಟ್ಟಿಯಾಗದೆ, ಜಿಡ್ಡಾಗಿ ಕಮಟು ಹಿಡಿಯುತ್ತದೆ. ಮೂರು ಗಾಜಿನ ಚೂರುಗಳ ಮೇಲೆ ಮೂರನ್ನೂ ತೆಳ್ಳಗೆ ಸವರಿ ಎರಡು ಮೂರು ವಾರ ಬಿಟ್ಟರೆ ಮಕ್ಕಳಿಗೇ ಗೊತ್ತಾಗುತ್ತದೆ. ಬೇಗ ಒಣಗಲೆಂದು ಲೋಹದ ಲವಣ ಬೆರೆಸಿ ಮಾರುವ ‘ಕುದಿಸಿದ’ ಅಗಸಿ ಎಣ್ಣೆ ಕೂಸಿನ ಸಾಮಾನಿಗೆ ಬೇಡ, ಗಾಣದ ಹಸಿ ಎಣ್ಣೆಯೇ ಸಾಕು. ಎಣ್ಣೆ ಒರೆಸಿದ ಅರಿವೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆಮ್ಲಜನಕದೊಂದಿಗೆ ಕೂಡುವಾಗ ಹುಟ್ಟುವ ಶಾಖ ಮುದ್ದೆಯೊಳಗೇ ಸೇರಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಿಚ್ಚಿ ಹಗ್ಗಕ್ಕೆ ಹರವಿ ಒಣಗಿಸಬೇಕು.

ಹಸಿ ಅಗಸಿ ಎಣ್ಣೆಯ ಒಂದು ತೆಳು ಲೇಪ ಒಣಗಲು ಹಲವು ದಿನ ಬೇಕು, ಮೂರು ಲೇಪವೆಂದರೆ ವಾರಗಳೇ ಹಿಡಿಯುತ್ತವೆ. ತೊಟ್ಟಿಲಿಗೆ ಹಾಕುವ ದಿನಕ್ಕೆ ಪೆಟ್ಟಿಗೆ ವಿಜಯಪುರ ಮುಟ್ಟದಿದ್ದರೆ ಮುತ್ಯಾ ಅವಸರಪಡಬೇಕಿಲ್ಲ. ಆರು ತಿಂಗಳವರೆಗೆ ಕೂಸಿಗೆ ಅದರ ಗೊಡವೆಯಿಲ್ಲ. ವಾಸನೆ ಪೂರ್ತಿ ಹೋಗಿ, ಅಂಗೈ ಸವರಿದರೆ ಎಲ್ಲೂ ಜಿಡ್ಡು, ಸಿಬಿರು ತಾಗದಾದ ಮೇಲೆ, ಮೇಲೊಂದು ಕೌದಿಯ ತುಂಡು ಹೊದಿಸಿಕೊಂಡು ತಿಕೋಟಾದ ಬಸ್ಸು ಹತ್ತಿದರಾಯಿತು.